ಕೇಳಿಸಿದ್ದು ಮೊದಲು, ಅನಿಸಿದ್ದು ಆಮೇಲೆ: ಹಂಸಲೇಖರ ಮೂರು ಧ್ವನಿಸುರುಳಿಗಳ ಮೂಲಕ ಒಂದು ಆಲಿಸುವ ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ನಾನು ಕೊಟ್ಟ ಪಾಠಗಳಲ್ಲಿ ತಕ್ಕಮಟ್ಟಿಗೆ ಚೆನ್ನಾಗಿ ಆದವು ಕೆಲವಿವೆ. ಆದರೆ ಈ ಸಂಚಿಕೆಗೆ ಬರೆಯಲು ಆರಿಸಿಕೊಂಡದ್ದು ಮೊದಲ ಸಲ ಪೂರ್ತಿ ಕೆಟ್ಟುಹೋದ ಪಾಠವೊಂದನ್ನು. ಒಂದು ವಾರದ ನಂತರ ಅದೇ ಪಾಠವನ್ನು ಅದೇ ತರಗತಿಗೆ ಮತ್ತೆ ಮಾಡಿದೆ. ಎರಡರ ನಡುವೆ ಏನು ಬದಲಾಯಿತು ಎಂಬುದನ್ನು ಮುಂದಿನ ವರ್ಷದ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ಹಿನ್ನೆಲೆ

ನನ್ನನ್ನು ನಿಯೋಜಿಸಿದ್ದು ಯಲಹಂಕ ಹಳೆಯ ಪೇಟೆಗೆ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಗೆ. 9ನೆಯ ತರಗತಿ, 38 ಮಕ್ಕಳು. ಮನೆಯಲ್ಲಿ ಕನ್ನಡ ಆಡುವವರು ಅರ್ಧದಷ್ಟು. ಉಳಿದವರ ಮನೆಮಾತು ತೆಲುಗು, ಉರ್ದು, ತಮಿಳು, ಹಿಂದಿ. ತಂದೆತಾಯಿಯರಲ್ಲಿ ಆಟೊ ಓಡಿಸುವವರು, ಹೂ ಕಟ್ಟುವವರು, ಗುತ್ತಿಗೆ ಕೆಲಸದವರು, ಹೆಬ್ಬಾಳದಿಂದ ಈಚೆಗೆ ಏಳುತ್ತಿರುವ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುವವರು ಇದ್ದಾರೆ. ಶಾಲೆಯ ಮೇಲೆ ವಾಯುಪಡೆಯ ವಿಮಾನ ಹಾದರೆ ಅರ್ಧ ನಿಮಿಷ ಯಾರ ಮಾತೂ ಕೇಳಿಸದು. ಆಲಿಸುವ ಪಾಠಕ್ಕೆ ಇದಕ್ಕಿಂತ ಕಷ್ಟದ ಜಾಗ ಸಿಗುವುದಿಲ್ಲ ಎಂದು ಮೊದಲ ದಿನವೇ ಅನಿಸಿತ್ತು.

ಕನ್ನಡ ಬೋಧನೆಯಲ್ಲಿ ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು ಎಂದು ನಾಲ್ಕು ಕೌಶಲಗಳನ್ನು ನಾವೆಲ್ಲರೂ ಪಾಠಯೋಜನೆಯಲ್ಲಿ ಬರೆಯುತ್ತೇವೆ. ಬರೆದ ಮೇಲೆ ಮೊದಲನೆಯದನ್ನು ಮರೆಯುತ್ತೇವೆ. ಮಕ್ಕಳು ಸುಮ್ಮನಿದ್ದರೆ ಆಲಿಸುತ್ತಿದ್ದಾರೆ ಎಂದುಕೊಳ್ಳುತ್ತೇವೆ. ಆದ್ದರಿಂದ ಆಲಿಸುವುದಕ್ಕೆಂದೇ ಒಂದು ಪಾಠ ಮಾಡಬೇಕೆಂದು ಹೊರಟೆ. ಪದ್ಯದ ರಸಾಸ್ವಾದನೆಗೆ ಪೂರಕವಾಗಿ ಹಾಡೊಂದರ ಭಾವ ಹೇಗೆ ನಮ್ಮನ್ನು ತಲುಪುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳಬೇಕು ಎಂಬುದು ಉದ್ದೇಶ.

ವಿಷಯದ ಆಯ್ಕೆ

ಒಬ್ಬರೇ ಸಂಗೀತ ನಿರ್ದೇಶಕರ ಬೇರೆ ಬೇರೆ ಕಾಲದ ಕೃತಿಗಳಿದ್ದರೆ ಹೋಲಿಕೆ ಸುಲಭ. ಹಂಸಲೇಖ ಅವರ ಮೂರು ಚಿತ್ರಗಳ ಧ್ವನಿಸುರುಳಿಗಳನ್ನು ತೆಗೆದುಕೊಂಡೆ: 1987ರ ‘ಪ್ರೇಮಲೋಕ’, 1990ರ ‘ಮುತ್ತಿನ ಹಾರ’, 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’. ಎಂಟು ವರ್ಷಗಳ ಒಳಗೆ ಒಂದೇ ಕೈಯಿಂದ ಬಂದ ಮೂರು ಬಗೆಯ ನಾದ ಇಲ್ಲಿದೆ.

‘ಪ್ರೇಮಲೋಕ’ ವಿ. ರವಿಚಂದ್ರನ್ ನಿರ್ದೇಶಿಸಿ ನಟಿಸಿದ ಕಾಲೇಜಿನ ಪ್ರೇಮಕಥೆ. ಹಾಡುಗಳ ಸಾಹಿತ್ಯವನ್ನೂ ಹಂಸಲೇಖರೇ ಬರೆದರು, ಆಡುಮಾತಿನಲ್ಲಿ ಬರೆದರು. ಹುಡುಗ ಹುಡುಗಿ ಮಾತಾಡಿಕೊಳ್ಳುವುದೇ ಹಾಡಾಗುತ್ತದೆ. ಕೀಬೋರ್ಡು, ಎಲೆಕ್ಟ್ರಾನಿಕ್ ಡ್ರಮ್ಮು ಹಿಂದೆ ನಿಲ್ಲದೆ ಮುಂದೆ ಬರುತ್ತವೆ. ಆ ಕಾಲದಲ್ಲಿ ಕ್ಯಾಸೆಟ್ ಅಂಗಡಿಗಳ ಮುಂದೆ ಹಗಲಿಡೀ ಅದೇ ಹಾಡುಗಳು ಎಂದು ನಮ್ಮ ಮನೆಯ ಹಿರಿಯರೆಲ್ಲ ಹೇಳುತ್ತಾರೆ.

‘ಮುತ್ತಿನ ಹಾರ’ ರಾಜೇಂದ್ರಸಿಂಗ್ ಬಾಬು ನಿರ್ದೇಶನದ, ಕೊಡಗಿನ ಯೋಧನೊಬ್ಬನ ಸಂಸಾರದ ಕಥೆ. ಅಲ್ಲಿ ಯುದ್ಧವಿದೆ, ಅಗಲಿಕೆಯಿದೆ, ಸಾವಿದೆ. ಶಾಸ್ತ್ರೀಯ ಸಂಗೀತದ ದೊಡ್ಡ ವಿದ್ವಾಂಸರಾದ ಎಂ. ಬಾಲಮುರಳಿಕೃಷ್ಣ ಅವರ ಕಂಠವನ್ನು ಹಂಸಲೇಖ ಇಲ್ಲಿ ಬಳಸಿದರು. ಮೂರನೆಯದು ಅಂಧ ಸಂಗೀತಗಾರ ಪಂಚಾಕ್ಷರಿ ಗವಾಯಿಗಳ ಜೀವನಚಿತ್ರ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅವರ ಹೆಸರಿನೊಂದಿಗೆ ಸೇರಿಕೊಂಡಿರುವುದು ಎಲ್ಲರಿಗೂ ಗೊತ್ತು. ಇಲ್ಲಿ ಹಿಂದುಸ್ತಾನಿ ಸಂಗೀತವೇ ಪ್ರಧಾನ. ಈ ಚಿತ್ರಕ್ಕೆ ಹಂಸಲೇಖ ಅವರಿಗೆ ಉತ್ತಮ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಉತ್ತಮ ಗಾಯಕ ಪ್ರಶಸ್ತಿ ಬಂತು. ಎಸ್.ಪಿ.ಬಿ.ಗೆ ಪ್ರಶಸ್ತಿ ತಂದ ಹಾಡಿನ ಮಾತುಗಳು ಹಿಂದಿಯವು, ಮಳೆಮೋಡ ಕವಿದು ಗುಡುಗುವುದನ್ನು ಹೇಳುವ ಬಂದಿಶ್ ಮಾದರಿಯವು. ಈ ಒಂದು ಸಂಗತಿ ಮುಂದೆ ನನ್ನ ಪಾಠದಲ್ಲಿ ಮುಖ್ಯವಾಗುತ್ತದೆಂದು ಆಗ ತಿಳಿದಿರಲಿಲ್ಲ.

ಸಿನಿಮಾ ಹಾಡನ್ನು ತರಗತಿಗೆ ತರುವುದಕ್ಕೆ ಶಾಲೆಯಲ್ಲಿ ಮೊದಲು ಅನುಮಾನ ಬಂತು. ಯಾವ ಹಾಡುಗಳು, ಯಾವ ಉದ್ದೇಶಕ್ಕೆ ಎಂದು ಬರೆದು ತೋರಿಸಿದ ಮೇಲೆ ಮಾರ್ಗದರ್ಶಕ ಶಿಕ್ಷಕಿ ಒಪ್ಪಿದರು. ‘ಪ್ರೇಮಲೋಕ’ದಿಂದ ಕುಣಿತದ ಹಾಡು ಬಿಟ್ಟು ನೋವಿನ ಹಾಡನ್ನು ಆರಿಸಿಕೊಂಡೆ.

ಮೊದಲ ಅವಧಿ

ಪಾಠಯೋಜನೆಯ ಉದ್ದೇಶದ ಅಂಕಣದಲ್ಲಿ ‘ವಿದ್ಯಾರ್ಥಿಗಳು ಹಾಡಿನಲ್ಲಿರುವ ಭಾವವನ್ನು ಮೆಚ್ಚುವರು’ ಎಂದು ಬರೆದಿದ್ದೆ. ತರಗತಿಯಲ್ಲಿ ಮಾಡಿದ್ದೂ ಅದನ್ನೇ: ಮೆಚ್ಚುವಂತೆ ಹೇಳಿದೆ. ಪ್ರತಿ ಹಾಡು ಹಾಕುವ ಮೊದಲು ಅದರ ಕಥೆ ಹೇಳಿದೆ, ಭಾವ ಹೇಳಿದೆ. ಕಪ್ಪುಹಲಗೆಯ ಮೇಲೆ ಎಡಕ್ಕೆ ‘ಯಂತ್ರದ ನಾದ’, ಬಲಕ್ಕೆ ‘ಹೃದಯದ ನಾದ’ ಎಂದು ಬರೆದು, ಮೊದಲನೆಯ ಧ್ವನಿಸುರುಳಿಯಿಂದ ಮೂರನೆಯದರ ಕಡೆಗೆ ಒಂದು ಬಾಣ ಎಳೆದೆ. ಸಂಗೀತ ನಿರ್ದೇಶಕರು ಯಂತ್ರದಿಂದ ಹೃದಯಕ್ಕೆ ಬೆಳೆದರು ಎಂದು ವಿವರಿಸಿದೆ. ಕೇಳಲು ಚೆನ್ನಾಗಿತ್ತು.

ಕೊನೆಗೆ ಪ್ರಶ್ನೆ ಕೇಳಿದಾಗ ‘ಸಂತೋಷ’, ‘ದುಃಖ’, ‘ಭಕ್ತಿ’ ಎಂಬ ಮೂರು ಉತ್ತರಗಳು ಬಂದವು. ಮೂರೂ ನಾನೇ ಹೇಳಿದ್ದವು. ‘ದುಃಖ ಅಂತ ಹೇಗೆ ಗೊತ್ತಾಯ್ತು?’ ಎಂದರೆ ಒಬ್ಬ ಹುಡುಗಿ, ‘ನೀವೇ ಹೇಳಿದ್ರಲ್ಲ ಮಿಸ್’ ಎಂದಳು. ಎರಡನೆಯ ಸಾಲಿನ ಕೊನೆಯಲ್ಲಿ ಕೂರುವ ಒಬ್ಬ ಹುಡುಗ ಎಂದಿನಂತೆ ಏನೂ ಬರೆದಿರಲಿಲ್ಲ. ಅವನ ಮನೆಯವರು ಬಿಹಾರದ ಕಡೆಯಿಂದ ಬಂದವರು. ಕನ್ನಡ ಅರ್ಥವಾಗುತ್ತದೆ, ಆಡಲು ತಡವರಿಸುತ್ತಾನೆ, ಬರೆಯಲು ಇನ್ನೂ ಕಷ್ಟ. ಅವನಿಂದ ಉತ್ತರ ನಿರೀಕ್ಷಿಸುವುದನ್ನು ಎರಡನೆಯ ವಾರಕ್ಕೇ ಬಿಟ್ಟಿದ್ದೆ ಎಂದು ಇಲ್ಲಿ ಒಪ್ಪಿಕೊಳ್ಳಬೇಕು.

ಪಾಠ ವೀಕ್ಷಿಸಿದ ನಮ್ಮ ಉಪನ್ಯಾಸಕರು ಅವಲೋಕನ ಪುಸ್ತಕದಲ್ಲಿ ಎರಡೇ ಸಾಲು ಬರೆದರು. 40 ನಿಮಿಷದಲ್ಲಿ ಶಿಕ್ಷಕಿಯ ಮಾತು 27 ನಿಮಿಷ ಎಂಬುದು ಒಂದು. ‘ಹಾಡು ಕೇಳುವ ಮೊದಲೇ ತೀರ್ಪು ಕೊಟ್ಟಿರಿ, ಮಕ್ಕಳಿಗೆ ಕೇಳಲು ಏನೂ ಉಳಿಯಲಿಲ್ಲ’ ಎಂಬುದು ಇನ್ನೊಂದು.

ನಾನು ತಿದ್ದಿಕೊಂಡ ವಿಷಯಜ್ಞಾನ

ಆ ಭಾನುವಾರ ಯಶವಂತಪುರದಲ್ಲಿರುವ ನನ್ನ ಸೋದರಮಾವನ ಮನೆಗೆ ಹೋದೆ. ಅವರು ಹಿಂದೆ ಗಣೇಶೋತ್ಸವ, ರಾಜ್ಯೋತ್ಸವಗಳಿಗೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ‘ಯಂತ್ರದ ನಾದ’ ಎಂದು ಹಲಗೆಯ ಮೇಲೆ ಬರೆದದ್ದನ್ನು ಹೇಳಿದೆ. ಅವರು ಬಟ್ಟೆ ಹೊದಿಸಿಟ್ಟಿದ್ದ ಹಳೆಯ ಕೀಬೋರ್ಡನ್ನು ಇಳಿಸಿ ಒಂದೇ ಸ್ವರವನ್ನು ಮೂರು ಸಲ ನುಡಿಸಿದರು. ಮೊದಲ ಸಲ ಸ್ವರ ಒಮ್ಮೆಗೇ ಹುಟ್ಟಿ ಒಮ್ಮೆಗೇ ನಿಂತಿತು. ಎರಡನೆಯ ಸಲ ನಿಧಾನವಾಗಿ ಎದ್ದಿತು. ಮೂರನೆಯ ಸಲ ಬೆರಳು ತೆಗೆದ ಮೇಲೂ ಬಹಳ ಹೊತ್ತು ಕರಗುತ್ತ ಉಳಿಯಿತು. ‘ಈಗ ಹೇಳಮ್ಮ, ಯಾವುದಕ್ಕೆ ಹೃದಯ ಇಲ್ಲ?’ ಎಂದರು.

ಸಿಂಥಸೈಜರ್‌ನ ಗುಟ್ಟು ಇಷ್ಟೇ. ವಿದ್ಯುತ್ತಿನಿಂದ ಒಂದು ಅಲೆಯನ್ನು ಹುಟ್ಟಿಸಿ, ಅದರ ಚೂಪು ಮೊಂಡುಗಳನ್ನು ಸೋಸಿ, ಅದು ಎಷ್ಟು ಬೇಗ ಏಳಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಅಡಗಬೇಕು ಎಂಬುದನ್ನು ನುಡಿಸುವವರೇ ನಿರ್ಧರಿಸುತ್ತಾರೆ. 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ ಟಿ.ಆರ್.-808 ಎಂಬ ತಾಳಯಂತ್ರ ಬಂತು. 1983ರಲ್ಲಿ ಯಮಾಹಾದ ಡಿ.ಎಕ್ಸ್.-7 ಕೀಬೋರ್ಡು ಬಂತು. ಬೇರೆ ಬೇರೆ ಕಂಪನಿಗಳ ವಾದ್ಯಗಳನ್ನು ಒಂದಕ್ಕೊಂದು ಜೋಡಿಸಬಲ್ಲ ‘ಮಿಡಿ’ ಎಂಬ ಒಪ್ಪಂದವೂ ಅದೇ ವರ್ಷದ್ದು. ‘ಪ್ರೇಮಲೋಕ’ ಬಂದದ್ದು ಇವೆಲ್ಲ ಬಂದ ಕೆಲವೇ ವರ್ಷಗಳಿಗೆ.

ಯಂತ್ರ ಬಂದರೆ ಭಾವ ತೆಳುವಾಗುತ್ತದೆ ಎಂಬ ನನ್ನ ಬಾಣವನ್ನು ಹೊರಗಿನ ಎರಡು ಉದಾಹರಣೆಗಳೂ ಮುರಿದವು. ಇಂಗ್ಲೆಂಡಿನ ಡಿಪೆಷ್ ಮೋಡ್ ಎಂಬ ಸಿಂಥ್‌ಪಾಪ್ ತಂಡ 1981ರ ಮೊದಲ ಆಲ್ಬಮ್ಮಿನಲ್ಲಿ ಹಗುರವಾದ, ಕುಣಿಸುವ ಹಾಡುಗಳನ್ನು ಕೊಟ್ಟಿತು. ಆಮೇಲೆ ಹಾಡು ಬರೆಯುವ ಹೊಣೆ ಬೇರೊಬ್ಬ ಸದಸ್ಯರ ಕೈಗೆ ಬಂದು, 1990ರ ‘ವಯೊಲೇಟರ್’ ಹೊತ್ತಿಗೆ ಅದೇ ತಂಡದ ನಾದ ಗಾಢವಾಗಿ, ನೋವು ಮತ್ತು ಅಪರಾಧಪ್ರಜ್ಞೆಯ ಕಡೆಗೆ ತಿರುಗಿತ್ತು. ಗಿಟಾರು ಬಂದು ಸೇರಿದರೂ ಸಿಂಥಸೈಜರ್ ಬಿಟ್ಟುಹೋಗಲಿಲ್ಲ. ನಮ್ಮಲ್ಲೇ ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಪೂರ್ತಿ ಎಲೆಕ್ಟ್ರಾನಿಕ್ ವಾದ್ಯಗಳಲ್ಲಿ ನುಡಿಸಿ ಒಂದು ರೆಕಾರ್ಡು ತಂದಿದ್ದರು. ಹಾಗಾದರೆ ರಾಗ ಒಂದು ಕಡೆ, ಯಂತ್ರ ಇನ್ನೊಂದು ಕಡೆ ಎಂದು ಹಲಗೆಯನ್ನು ಎರಡು ಭಾಗ ಮಾಡಲು ಬರುವುದಿಲ್ಲ.

ಹೊರಡುವಾಗ ಮಾವ ಇನ್ನೊಂದು ಮಾತು ಹೇಳಿದರು. ‘ನಮ್ಮ ತಂಡದಲ್ಲಿ ಮೂರು ಜನ ಪಿಟೀಲಿನವರು ಇದ್ರು. ನಾನು ಕೀಬೋರ್ಡ್ ತಗೊಂಡ ವರ್ಷ ಅವರನ್ನ ಕರೆಯೋದು ನಿಂತೋಯ್ತು. ಅದನ್ನೂ ಮಕ್ಕಳಿಗೆ ಹೇಳು. ಆದ್ರೆ ಅದೇ ಕೀಬೋರ್ಡ್ ಕೇಳಿ ಜನ ಅತ್ತಿದ್ದೂ ಸುಳ್ಳಲ್ಲ.’

ಎರಡನೆಯ ಅವಧಿ

ಈ ಸಲ ಹಲಗೆಯ ಮೇಲೆ ಮೂರು ಪ್ರಶ್ನೆ ಮಾತ್ರ ಬರೆದೆ. ಏನು ಕೇಳಿಸಿತು? ಯಾವಾಗ ಶುರುವಾಯಿತು? ಯಾವಾಗ ನಿಂತಿತು? ಮೊದಲ ಸಲ ಕೇಳುವಾಗ ಸಂತೋಷ, ದುಃಖ ಮುಂತಾದ ಭಾವದ ಪದಗಳನ್ನು ಯಾರೂ ಬಳಸುವಂತಿಲ್ಲ ಎಂದು ನಿಯಮ ಮಾಡಿದೆ. ಚಿತ್ರದ ಹೆಸರನ್ನೂ ಕಥೆಯನ್ನೂ ಹೇಳಲಿಲ್ಲ. ‘ಪ್ರೇಮಲೋಕ’ದ ಹಾಡಿನ ಮೂರು ನಿಮಿಷ ಹಾಕಿದೆ.

ಹೆಚ್ಚಿನವರು ಪಟ್ಟಿ ಬರೆದರು: ಡ್ರಮ್, ಹೆಂಗಸಿನ ದನಿ, ‘ಟಿಣ್ ಟಿಣ್’, ಬಸ್ಸಿನ ಹಾರನ್. ಹಾರನ್ ಹೊರಗಿನ ರಸ್ತೆಯದು. ಅದನ್ನೂ ಹೊಡೆದುಹಾಕಲು ಹೇಳಲಿಲ್ಲ, ಕೇಳಿಸಿದ್ದು ನಿಜವಲ್ಲವೆ? ತರಗತಿಯಲ್ಲಿ ಸುತ್ತಾಡುತ್ತ ಎರಡನೆಯ ಸಾಲಿನ ಕೊನೆಗೆ ಬಂದಾಗ ಆ ಹುಡುಗನ ಹಾಳೆ ನೋಡಿದೆ. ಅಕ್ಷರವೇ ಇರಲಿಲ್ಲ. ಸ್ಕೇಲಿನಿಂದ ಅಡ್ಡಗೆರೆಗಳನ್ನು ಎಳೆದಿದ್ದ. ಒಂದು ಗೆರೆ ಹಾಳೆಯ ಈ ತುದಿಯಿಂದ ಆ ತುದಿಯವರೆಗೆ. ಇನ್ನೊಂದು ನಡುನಡುವೆ ತುಂಡಾಗಿತ್ತು. ಮೂರನೆಯದು ಕೊನೆಯಲ್ಲಿ ಮಾತ್ರ. ಕೆಲಸ ಬಿಟ್ಟು ಗೀಚುತ್ತಿದ್ದಾನೆ ಎಂದು ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಉದ್ದದ ಗೆರೆಯನ್ನು ತೋರಿಸಿ ‘ಡ್ರಮ್’ ಎಂದ, ತುಂಡು ಗೆರೆಯನ್ನು ತೋರಿಸಿ ‘ಹಾಡೋರು’ ಎಂದ.

ಅವನನ್ನು ಹಲಗೆಯ ಹತ್ತಿರ ಕರೆದು ಅದನ್ನೇ ದೊಡ್ಡದಾಗಿ ಬರೆಸಿದೆ. ಹಾಡನ್ನು ಮತ್ತೆ ಹಾಕಿ, ಅವನ ಗೆರೆ ಸರಿಯೇ ಎಂದು ಎಲ್ಲರೂ ಪರೀಕ್ಷಿಸುವಂತೆ ಹೇಳಿದೆ. ಗದ್ದಲ ಶುರುವಾಯಿತು. ‘ಇಲ್ಲಿ ದನಿ ನಿಂತಿಲ್ಲ’, ‘ನಿಂತಿದೆ ಕಣೋ, ಕೇಳಿಸ್ಕೋ’, ‘ಮಿಸ್ ಇನ್ನೊಂದ್ಸಲ ಹಾಕಿ’ ಎಂದು ಮೂರು ಸಲ ಹಾಕಿಸಿದರು. ಆ ತರಗತಿ ಒಂದು ಹಾಡನ್ನು ಇಷ್ಟು ಗಮನವಿಟ್ಟು ಕೇಳಿದ್ದನ್ನು ನಾನು ನೋಡಿರಲಿಲ್ಲ.

ಗೆರೆಗಳು ಒಪ್ಪಿಗೆಯಾದ ಮೇಲೆ ಭಾವದ ಪ್ರಶ್ನೆ ಕೇಳಿದೆ. ಆ ಹುಡುಗ ಉದ್ದದ ಗೆರೆಯ ಮೇಲೆ ಬೆರಳಿಟ್ಟು, ‘ಅವರು ಅಳ್ತಾರೆ. ಇದು ನಿಲ್ಲಲ್ಲ’ ಎಂದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ, ಹಿಂದಿನ ವಾರ ‘ನೀವೇ ಹೇಳಿದ್ರಲ್ಲ’ ಎಂದಿದ್ದ ಹುಡುಗಿ ಎದ್ದು ನಿಂತು, ‘ಮನೇಲಿ ಜಗಳ ಆದಾಗ ಟಿ.ವಿ. ಅದರ ಪಾಡಿಗೆ ಓಡ್ತಿರುತ್ತಲ್ಲ ಮಿಸ್, ಹಂಗೆ’ ಎಂದಳು.

ಹಿಂದಿನ ವಾರ ನಾನು ಹೃದಯವಿಲ್ಲದ್ದು ಎಂದು ಎಡಕ್ಕೆ ತಳ್ಳಿದ್ದ ತಾಳಯಂತ್ರವೇ ಈ ಹಾಡಿನ ನೋವನ್ನು ಹೆಚ್ಚಿಸುತ್ತಿದೆ ಎಂದು ಈ ಇಬ್ಬರು ಎರಡು ಮಾತಿನಲ್ಲಿ ಹೇಳಿದ್ದರು. ಮನುಷ್ಯ ನುಡಿಸುವ ತಾಳ ಹಾಡುವವರ ಸಂಕಟಕ್ಕೆ ಒಂದಿಷ್ಟು ಬಾಗುತ್ತದೆ. ಯಂತ್ರದ ತಾಳ ಬಾಗುವುದಿಲ್ಲ. ಬಾಗದ ತಾಳದ ಮೇಲೆ ಬಾಗುವ ದನಿ ಒಂಟಿಯಾಗಿ ಕೇಳಿಸುತ್ತದೆ. ಸಿಂಥ್‌ಪಾಪ್ ಸಂಗೀತದ ಆಳ ಹೆಚ್ಚಾಗಿ ಇರುವುದು ಇಲ್ಲೇ ಎಂದು ಈಗ ನನಗನಿಸುತ್ತದೆ.

ಉಳಿದ ಎರಡು ಹಾಡುಗಳನ್ನು ಮರುದಿನದ ಅವಧಿಯಲ್ಲಿ ಕೇಳಿದೆವು. ‘ಮುತ್ತಿನ ಹಾರ’ದ ಹಾಡಿಗೆ ಮಕ್ಕಳು ದನಿಯ ಗೆರೆಯನ್ನು ನೇರವಾಗಿ ಎಳೆಯಲಾರದೆ ಅಲೆಯಂತೆ ಬರೆದರು. ದನಿಯೇ ಏರಿಳಿಯುತ್ತ ಭಾವವನ್ನು ಹೊರುತ್ತಿರುವುದು ಅವರಿಗೆ ಹೀಗೆ ಕೈಬರಹದಲ್ಲೇ ಸಿಕ್ಕಿತು. ಮೂರನೆಯ ಹಾಡು ಶುರುವಾದಾಗ ತರಗತಿ ತಬ್ಬಿಬ್ಬಾಯಿತು. ‘ಇದು ಕನ್ನಡ ಅಲ್ಲ ಮಿಸ್.’ ಎಲ್ಲರೂ ತಿರುಗಿ ಎರಡನೆಯ ಸಾಲಿನ ಕೊನೆಗೆ ನೋಡಿದರು. ಅವನು ಎದ್ದು, ಮೋಡ, ಮಳೆ, ಗುಡುಗು ಎಂದು ಒಂದೊಂದೇ ಪದವಾಗಿ ಕನ್ನಡದಲ್ಲಿ ಹೇಳಿದ. ನಡುವೆ ಪದ ಸಿಗದಿದ್ದಾಗ ಪಕ್ಕದವನು ಒದಗಿಸಿದ. ಕನ್ನಡ ತರಗತಿಯಲ್ಲಿ ಅವನು ಉಳಿದವರಿಗೆ ಅರ್ಥ ಹೇಳಿದ ಮೊದಲ ದಿನ ಅದು.

ಮಾವ ಹೇಳಿದ ಪಿಟೀಲಿನವರ ಕಥೆಯನ್ನು ಕೊನೆಯಲ್ಲಿ ಹೇಳಿದೆ. ‘ಪಾಪ, ಅವರೆಲ್ಲಿ ಹೋದ್ರು?’ ಎಂದು ಒಬ್ಬ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಮೌಲ್ಯಮಾಪನ ಮತ್ತು ಮಿತಿಗಳು

ಎಲ್ಲವೂ ಚೆನ್ನಾಗಿ ಆಯಿತೆಂದು ಹೇಳಲಾರೆ. 38 ಹಾಳೆಗಳಲ್ಲಿ 11 ಬರಿಯ ಗೀಚು. ಸಣ್ಣ ಬ್ಲೂಟೂತ್ ಸ್ಪೀಕರಿನಲ್ಲಿ ಮಂದ್ರದ ನಾದ ಕೇಳಿಸದೆ ಹಿಂದಿನ ಬೆಂಚಿನವರು ಅರ್ಧ ಹಾಡನ್ನೇ ಕೇಳಿದರು. ಒಂದು ಅವಧಿಗೆಂದು ಯೋಜಿಸಿದ್ದು ಎರಡು ಅವಧಿ ಹಿಡಿಯಿತು.

ದೊಡ್ಡ ತೊಡಕು ಬಂದದ್ದು ಅಂಕ ಕೊಡುವಾಗ. ಪಾಠದ ಕೊನೆಯ ಐದು ಅಂಕದ ಲಿಖಿತ ಪ್ರಶ್ನೆಗೆ ಆ ಹುಡುಗ ಒಂದು ಸಾಲು ಬರೆದಿದ್ದ, ಅದರಲ್ಲೂ ನಾಲ್ಕು ಕಾಗುಣಿತದ ತಪ್ಪು. ನನ್ನ ಉತ್ತರಸೂಚಿಯ ಪ್ರಕಾರ ಅವನಿಗೆ ಒಂದು ಅಂಕ. ಇಡೀ ತರಗತಿಗೆ ಕೇಳುವುದನ್ನು ಕಲಿಸಿದವನಿಗೆ ಆಲಿಸುವ ಪಾಠದಲ್ಲಿ ಐದಕ್ಕೆ ಒಂದು! ತಪ್ಪು ಉತ್ತರಸೂಚಿಯದು, ಅಂದರೆ ನನ್ನದು. ಆಲಿಸುವ ಕೌಶಲವನ್ನು ಬರವಣಿಗೆಯಿಂದ ಅಳೆಯಲು ಹೋಗಿದ್ದೆ. ಮಾರ್ಗದರ್ಶಕ ಶಿಕ್ಷಕಿಯೊಡನೆ ಚರ್ಚಿಸಿದಾಗ, ಗೆರೆಯ ಹಾಳೆಯನ್ನು ರೂಪಣಾತ್ಮಕ ಮೌಲ್ಯಮಾಪನದ ಒಂದು ಚಟುವಟಿಕೆಯಾಗಿ ಪರಿಗಣಿಸಲು ಅವರು ಒಪ್ಪಿದರು. ಬರವಣಿಗೆಯ ಅಂಕ ಒಂದೇ ಉಳಿಯಿತು, ಉಳಿಯಬೇಕಾದದ್ದೇ. ಅದರ ಪಕ್ಕದಲ್ಲಿ ಆಲಿಸುವಿಕೆಯ ಅಂಕ ಬೇರೆಯಾಗಿ ನಿಂತಿತು.

ಪಾಠವನ್ನು ಮಾಡಬಯಸುವವರಿಗೆ

1. ಹಾಳೆಯಲ್ಲಿ ಅಡ್ಡಕ್ಕೆ 18 ಮನೆಗಳನ್ನು ಹಾಕಿಸಿ. ಒಂದು ಮನೆಗೆ 10 ಸೆಕೆಂಡು, ಒಟ್ಟು ಮೂರು ನಿಮಿಷ. ಉದ್ದಕ್ಕೆ ದನಿ, ತಾಳ, ಕೀಬೋರ್ಡು, ಇತರೆ ಎಂದು ನಾಲ್ಕು ಸಾಲು. ಪ್ರತಿ 10 ಸೆಕೆಂಡಿಗೆ ಮೇಜನ್ನು ಮೆಲ್ಲಗೆ ತಟ್ಟಿ. ನಾವು ಇದನ್ನು ‘ನಾದಪಟ್ಟಿ’ ಎಂದು ಕರೆದೆವು.

2. ಮೊದಲ ಆಲಿಕೆ: ಕಥೆ, ಹೆಸರು, ಭಾವ ಯಾವುದನ್ನೂ ಹೇಳಬೇಡಿ. ಎರಡನೆಯ ಆಲಿಕೆ: ಅಕ್ಕಪಕ್ಕದವರು ಹಾಳೆ ಬದಲಿಸಿಕೊಂಡು ಪರೀಕ್ಷಿಸಲಿ. ಮೂರನೆಯ ಆಲಿಕೆಯ ನಂತರವೇ ಭಾವದ ಮಾತು. ಭಾವ ಹೇಳಿದವರು ಪಟ್ಟಿಯಲ್ಲಿ ಒಂದು ಜಾಗವನ್ನು ಬೆರಳಿಟ್ಟು ತೋರಿಸಬೇಕು.

3. ಒಂದು ಅವಧಿಗೆ ಒಂದೇ ಹಾಡು ಸಾಕು.

4. ವಿಸ್ತರಣೆಗೆ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ 1974ರಲ್ಲಿ ಹೆದ್ದಾರಿಯ ಪಯಣವನ್ನೇ ಎಲೆಕ್ಟ್ರಾನಿಕ್ ನಾದದಲ್ಲಿ ಕಟ್ಟಿದ ‘ಆಟೊಬಾನ್’ನ ಮೊದಲ ಎರಡು ನಿಮಿಷ ಕೇಳಿಸಬಹುದು. ಬಳ್ಳಾರಿ ರಸ್ತೆಯ ಸದ್ದಿನಲ್ಲೇ ಬೆಳೆಯುವ ನಮ್ಮ ಮಕ್ಕಳು ಅದರ ಪಕ್ಕದಲ್ಲಿ ಹೆಬ್ಬಾಳ ಮೇಲ್ಸೇತುವೆಯ ನಾದಪಟ್ಟಿಯನ್ನು ಬರೆಯಲಿ.

5. ಪದ್ಯಪಾಠಕ್ಕೆ ಮರಳುವಾಗ ‘ಧ್ವನಿ’ ಎಂಬ ಪದದಿಂದ ಶುರುಮಾಡಿ. ನಮ್ಮ ಕಾವ್ಯಮೀಮಾಂಸೆಯಲ್ಲಿ 9ನೆಯ ಶತಮಾನದ ಆನಂದವರ್ಧನ ಹೇಳುವ ಧ್ವನಿ, ಮಾತಿನಲ್ಲಿ ಹೇಳದೆ ಹೊಳೆಯುವ ಅರ್ಥ. ಕಿವಿಗೆ ಬೀಳುವ ಸದ್ದಿಗೂ ನಾವು ಧ್ವನಿ ಎಂದೇ ಅನ್ನುತ್ತೇವೆ. ನಿಲ್ಲದ ಡ್ರಮ್ಮಿನ ಗೆರೆಯನ್ನು ನೋಡಿದ ಮಕ್ಕಳಿಗೆ ಈ ಎರಡು ಅರ್ಥಗಳ ನಂಟನ್ನು ವಿವರಿಸಲು ನನಗೆ ಐದು ನಿಮಿಷವೂ ಬೇಕಾಗಲಿಲ್ಲ.

ನನ್ನ ಪಾಠಯೋಜನೆಯ ಉದ್ದೇಶದ ಅಂಕಣವನ್ನು ಈಗ ಹೀಗೆ ತಿದ್ದಿದ್ದೇನೆ: ‘ವಿದ್ಯಾರ್ಥಿಗಳು ಹಾಡಿನಲ್ಲಿ ಕೇಳಿಸಿದ್ದನ್ನು ಗುರುತಿಸುವರು; ತಮಗೆ ಅನಿಸಿದ್ದಕ್ಕೆ ಅದರಿಂದ ಕಾರಣ ಕೊಡುವರು.’ ‘ಮೆಚ್ಚುವರು’ ಎಂಬುದನ್ನು ತೆಗೆದುಹಾಕಿದ್ದೇನೆ. ಆ ಹುಡುಗನ ಹಾಳೆಯನ್ನು ಅವನ ಒಪ್ಪಿಗೆ ಕೇಳಿ ನನ್ನ ದಾಖಲೆ ಪುಸ್ತಕದಲ್ಲಿ ಅಂಟಿಸಿಕೊಂಡಿದ್ದೇನೆ. ಕೊಡುವ ಮೊದಲು ಅವನು ಪ್ರತಿ ಗೆರೆಯ ಪಕ್ಕದಲ್ಲಿ ಕನ್ನಡದಲ್ಲಿ ಹೆಸರು ಬರೆದುಕೊಟ್ಟ. ‘ಡ್ರಮ್’ ಸರಿಯಾಗಿದೆ. ‘ಹಾಡೋರು’ ಎಂಬುದರಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ. ಅದನ್ನು ತಿದ್ದುವುದು ಮುಂದಿನ ಪಾಠ.